ಅಮೆರಿಕ ಯಾರ ಮಾತು ಕೇಳುತ್ತೆ? ಹೊಸ ಪ್ರಜೆಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ:

ನಮಸ್ಕಾರ ಸರ್. ನಾನು ಮೈಸೂರಿನವಳು. 2006ರಲ್ಲಿ ಮದುವೆಯಾಗಿ ನ್ಯೂಜೆರ್ಸಿಗೆ ಬಂದೆ. ಈಗ ಎಡಿಸನ್‌ನಲ್ಲಿದ್ದೇವೆ. ವರ್ಷಗಟ್ಟಲೆ ಗ್ರೀನ್ ಕಾರ್ಡ್‌ಗೆ ಕಾದು, ಕಳೆದ ವರ್ಷ ಪ್ರಮಾಣ ಮಾಡಿ ಸಿಟಿಜನ್ ಆದೆ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿದ ದಿನ ಊಟ ಸೇರಲಿಲ್ಲ. ಇಲ್ಲಿಯ ರಾಜಕೀಯದಲ್ಲಿ ನನಗೂ ಒಂದು ಮಾತು ಸಿಕ್ಕಿತಲ್ಲ ಅಂತ ಸಮಾಧಾನ ಮಾಡಿಕೊಂಡೆ. ಆದರೆ ನಮ್ಮ ಕನ್ನಡ ಬಳಗದ ವಾಟ್ಸ್‌ಆ್ಯಪ್ ಗುಂಪು ನೋಡಿದರೆ ಆ ಸಮಾಧಾನವೂ ಹೋಗುತ್ತೆ. ಒಬ್ಬರು ಅಮೆರಿಕವನ್ನು ಆಳೋದು ಇಸ್ರೇಲ್ ಅಂತಾರೆ. ಇನ್ನೊಬ್ಬರು ಆಯುಧದ ಕಂಪನಿಗಳು ಅಂತಾರೆ. ಪ್ರೆಸಿಡೆಂಟ್ ಏನು ಬೇಕಾದರೂ ಮಾಡಬಹುದು, ವೋಟೆಲ್ಲ ನಾಟಕ ಅಂತಾರೆ ಮತ್ತೊಬ್ಬರು. ಈ ಅಕ್ಟೋಬರ್‌ಗೆ ಹದಿನೆಂಟು ತುಂಬುವ ಮಗ ಮೊನ್ನೆ ಕೇಳಿದ: "ಅಮ್ಮ, ಬೇರೆ ದೇಶದ ನಿಷ್ಠೆ ಬಿಟ್ಟೆ ಅಂತ ನೀನು ಕೈ ಎತ್ತಿ ಹೇಳಿದೆ. ಇವರ ಸರ್ಕಾರ ಹಾಗೆ ಯಾವತ್ತಾದರೂ ಹೇಳಿದೆಯಾ?" ನನಗೆ ಉತ್ತರ ಹೊಳೆಯಲಿಲ್ಲ. ವಿದೇಶ ನೀತಿಯಲ್ಲಿ ನನ್ನಂಥವಳ ಮಾತಿಗೆ ಬೆಲೆ ಇದೆಯಾ? ಎಚ್-1ಬಿ ಮೇಲಿರುವ ತಮ್ಮನೂ ನಮ್ಮ ಜೊತೆಗೇ ಇದ್ದಾನೆ. ನಾವು ಏನು ಮಾಡಬಹುದು, ಏನು ಮಾಡಿದರೆ ತೊಂದರೆ?

ಉತ್ತರ:

ನಿಮ್ಮ ಮಗ ಕೇಳಿದ್ದನ್ನು ಜಾರ್ಜ್ ವಾಷಿಂಗ್ಟನ್ 1796ರಲ್ಲೇ ಯೋಚಿಸಿದ್ದರು ಅಂತ ಅವನಿಗೆ ಹೇಳಿ. ಅಧಿಕಾರ ಬಿಡುವ ಮುಂಚೆ ಅವರು ದೇಶಕ್ಕೊಂದು ಬೀಳ್ಕೊಡುಗೆ ಪತ್ರ ಬರೆದರು. ಭಾಷಣ ಅಂತಲೇ ಕರೆಯುತ್ತಾರೆ, ಆದರೆ ಅವರು ಅದನ್ನು ಎಲ್ಲೂ ನಿಂತು ಓದಲಿಲ್ಲ. ಪತ್ರಿಕೆಯಲ್ಲಿ ಅಚ್ಚಾಯಿತು, ಅಷ್ಟೆ. ಇನ್ನೊಂದು ದೇಶದ ಮೇಲೆ ಆರದ ದ್ವೇಷವನ್ನೋ ತೀರದ ಮೋಹವನ್ನೋ ಇಟ್ಟುಕೊಂಡ ದೇಶ ಸ್ವಲ್ಪ ಮಟ್ಟಿಗೆ ಗುಲಾಮನಿದ್ದ ಹಾಗೆ ಅನ್ನೋದು ಅದರಲ್ಲಿದ್ದ ಒಂದು ಎಚ್ಚರಿಕೆ. ಅಂದರೆ ಸರ್ಕಾರದ ಪರವಾಗಿ ಮೊದಲ ಅಧ್ಯಕ್ಷರೇ ಹೆಚ್ಚುಕಡಿಮೆ ಆ ಮಾತು ಹೇಳಿ ಹೋಗಿದ್ದಾರೆ. ಪಾಲಿಸಿದರೋ ಇಲ್ಲವೋ ಅನ್ನೋದು ಬೇರೆ ಕಥೆ.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಅಮೆರಿಕದ ವಿದೇಶ ನೀತಿಯನ್ನು ಬೇರೆ ಯಾರೋ ನಡೆಸುತ್ತಿದ್ದಾರಾ ಅನ್ನೋದು ಒಂದು. ಜನರಿಗೆ ಅದರ ಮೇಲೆ ಹಿಡಿತ ಇದೆಯಾ ಅನ್ನೋದು ಇನ್ನೊಂದು. ನಾನು ಹದಿನೆಂಟು ವರ್ಷ ಇಲ್ಲಿಯ ಕಾಲೇಜಲ್ಲಿ ಈ ಪಾಠ ಮಾಡಿದವನು. ನಡುವೆ ಎರಡು ವರ್ಷ ವಾಷಿಂಗ್ಟನ್‌ನಲ್ಲಿ ಹೌಸ್ (ಇಲ್ಲಿಯ ಸಂಸತ್ತಿನ ಕೆಳಮನೆ, ಮೇಲ್ಮನೆ ಸೆನೆಟ್) ಸದಸ್ಯರೊಬ್ಬರ ಕಚೇರಿಯಲ್ಲಿ ಜನರ ಫೋನು, ಪತ್ರ ನೋಡುವ ಕೆಲಸ ಮಾಡಿದೆ. ಪಾಠದಲ್ಲಿ ಕಲಿಸಿದ್ದಕ್ಕಿಂತ ಆ ಫೋನಿನ ಮುಂದೆ ಕೂತು ಕಲಿತದ್ದೇ ಜಾಸ್ತಿ.

ಇಸ್ರೇಲ್ ಮಾತು ಮೊದಲು ಮುಗಿಸೋಣ, ಯಾಕೆಂದರೆ ಗುಂಪಿನಲ್ಲಿ ಜಗಳ ಅಲ್ಲಿಂದಲೇ ಶುರುವಾಗಿರುತ್ತೆ. ದುಡ್ಡಿನ ಜೋರು ಇದೆ, ಅದು ಸುಳ್ಳಲ್ಲ. ಎಐಪಿಎಸಿ ಅನ್ನುವ ಇಸ್ರೇಲ್ ಪರ ಸಂಸ್ಥೆಯ ಸೂಪರ್ ಪ್ಯಾಕ್ (ಚುನಾವಣೆಯಲ್ಲಿ ಮಿತಿಯಿಲ್ಲದೆ ಖರ್ಚು ಮಾಡಬಹುದಾದ ನಿಧಿ) 2024ರಲ್ಲಿ ನ್ಯೂಯಾರ್ಕಿನ ಒಂದೇ ಕ್ಷೇತ್ರದಲ್ಲಿ 1.4 ಕೋಟಿ ಡಾಲರ್‌ಗೂ ಜಾಸ್ತಿ ಸುರಿಯಿತು. ಇಸ್ರೇಲ್ ಸರ್ಕಾರವನ್ನು ಟೀಕಿಸುತ್ತಿದ್ದ ಅಲ್ಲಿಯ ಹಾಲಿ ಸದಸ್ಯ ಜಮಾಲ್ ಬೋಮನ್ ತಮ್ಮ ಪಕ್ಷದ ಪ್ರೈಮರಿಯಲ್ಲೇ (ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಮೊದಲ ಚುನಾವಣೆ) ಸೋತರು. ಮುಂದೆ ಆಗಸ್ಟ್‌ನಲ್ಲಿ ಮಿಸೌರಿಯ ಕೋರಿ ಬುಷ್ ಅವರಿಗೂ ಅದೇ ಆಯಿತು. ಇಬ್ಬರ ಸೋಲಿಗೂ ಬೇರೆ ಕಾರಣಗಳೂ ಇದ್ದವು. ಆದರೆ ಉಳಿದ ಸದಸ್ಯರು ಓದಿಕೊಂಡ ಪಾಠ ದುಡ್ಡಿನದೇ. ತಮಾಷೆ ಏನೆಂದರೆ, ಆ ಜಾಹೀರಾತುಗಳಲ್ಲಿ ಇಸ್ರೇಲ್ ಹೆಸರು ಬಂದದ್ದೇ ಅಪರೂಪ.

ಈಗ ಇನ್ನೊಂದು ಮಗ್ಗುಲು ನೋಡಿ. ಆ ದುಡ್ಡು ಇಸ್ರೇಲ್ ಸರ್ಕಾರದ್ದಲ್ಲ, ಅಮೆರಿಕನ್ನರದು. ವಿದೇಶಿಯರು ಇಲ್ಲಿಯ ಚುನಾವಣೆಗೆ ದುಡ್ಡು ಹಾಕುವುದು ಕಾನೂನಿನಲ್ಲಿ ನಿಷಿದ್ಧ. ಬೇರೆ ದೇಶದ ಪರವಾಗಿ ಕೆಲಸ ಮಾಡುವವರು ನ್ಯಾಯ ಇಲಾಖೆಯಲ್ಲಿ ಹೆಸರು ಬರೆಸಬೇಕು. 1938ರಲ್ಲಿ ನಾಜಿಗಳ ಪ್ರಚಾರಕ್ಕೆ ಹೆದರಿ ತಂದ ಕಾನೂನು ಅದು. ಭಾರತದ ರಾಯಭಾರ ಕಚೇರಿ ವರ್ಷಗಳಿಂದ ಇಟ್ಟುಕೊಂಡಿರುವ ಲಾಬಿ ಕಂಪನಿಗಳ ಹೆಸರು, ಫೀಸು ಎಲ್ಲ ಆ ಪಟ್ಟಿಯಲ್ಲಿದೆ. ಬಿಡುವಿದ್ದಾಗ ತೆರೆದು ನೋಡಿ, ಗುಂಪಿನಲ್ಲೂ ಹಾಕಿ. ಅರ್ಧ ಗಂಟೆ ಎಲ್ಲರೂ ಸುಮ್ಮನಿರುತ್ತಾರೆ.

ಈ ಲಾಬಿ ಯಾವಾಗಲೂ ಗೆಲ್ಲುತ್ತೆ ಅನ್ನೋದೂ ಸರಿಯಲ್ಲ. ಈಜಿಪ್ಟಿನ ಸುಯೆಜ್ ಕಾಲುವೆಗಾಗಿ ನಡೆದ ಯುದ್ಧದ ನಂತರ, 1957ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಒತ್ತಡ ಹಾಕಿ ಇಸ್ರೇಲ್ ಸೈನ್ಯವನ್ನು ಸಿನಾಯ್‌ನಿಂದ ಹಿಂದೆ ಸರಿಸಿದರು. 1981ರಲ್ಲಿ ಸೌದಿ ಅರೇಬಿಯಕ್ಕೆ ರೇಡಾರ್ ವಿಮಾನ ಮಾರಲು ಅಧ್ಯಕ್ಷ ರೇಗನ್ ಹೊರಟಾಗ ಎಐಪಿಎಸಿ ಪೂರ್ತಿ ಬಲ ಹಾಕಿ ವಿರೋಧಿಸಿತು. ಸೆನೆಟ್‌ನಲ್ಲಿ 52-48ರಲ್ಲಿ ಸೋತಿತು. 2015ರಲ್ಲಿ ಇರಾನ್ ಜೊತೆಗಿನ ಅಣು ಒಪ್ಪಂದ ತಡೆಯಲು ಭಾರಿ ಜಾಹೀರಾತು ನಡೆಸಿತು. ಆಗಲೂ ಸೋತಿತು. ಅಧ್ಯಕ್ಷ ಗಟ್ಟಿಯಾಗಿ ನಿಂತರೆ ಲಾಬಿ ಸೋಲುತ್ತೆ. ಅಧ್ಯಕ್ಷನಿಗೂ ಬೇಕಾಗಿದ್ದನ್ನೇ ಲಾಬಿ ಕೇಳಿದಾಗ ಅದು ಸರ್ವಶಕ್ತನ ಹಾಗೆ ಕಾಣುತ್ತೆ.

ಇನ್ನು, ಯಹೂದಿಗಳೇ ಎಲ್ಲವನ್ನೂ ಆಡಿಸುತ್ತಾರೆ ಅಂತ ಯಾರಾದರೂ ಫಾರ್ವರ್ಡ್ ಮಾಡಿದರೆ ಅಲ್ಲೇ ನಿಲ್ಲಿಸಿ. ಅದು ಯುರೋಪಿನ ಹಳೇ ವಿಷ, ಲಕ್ಷಗಟ್ಟಲೆ ಜನರ ಜೀವ ತೆಗೆದ ಸುಳ್ಳು. ಇಲ್ಲಿಯ ಯಹೂದಿಗಳಲ್ಲೇ ಇಸ್ರೇಲ್ ಸರ್ಕಾರವನ್ನು ಖಾರವಾಗಿ ಬೈಯುವ ದೊಡ್ಡ ಗುಂಪಿದೆ. ಇಸ್ರೇಲ್‌ಗೆ ಕಣ್ಣು ಮುಚ್ಚಿ ಬೆಂಬಲ ಕೊಡುವವರಲ್ಲಿ ದೊಡ್ಡ ಪಾಲು ಇವ್ಯಾಂಜೆಲಿಕಲ್ ಕ್ರೈಸ್ತರು.

ಹಾಗಾದರೆ ಇದರ ಗುಟ್ಟೇನು? ಒಂದೇ ವಿಷಯಕ್ಕೆ ವೋಟು, ದುಡ್ಡು, ಸಮಯ ಮೂರನ್ನೂ ಕೊಡುವ ಸಣ್ಣ ಗುಂಪು ಇಲ್ಲಿ ಗೆಲ್ಲುತ್ತೆ, ಎದುರಿಗೆ ಯಾರೂ ಇಲ್ಲದಿದ್ದರೆ. ಕ್ಯೂಬಾ ನೋಡಿ. 1962ರಿಂದ ವ್ಯಾಪಾರ ಬಂದ್. 1992ರಿಂದ ವಿಶ್ವಸಂಸ್ಥೆಯ ಮಹಾಸಭೆ ಇದರ ವಿರುದ್ಧ ನಿರ್ಣಯ ಮಾಡುತ್ತಲೇ ಬಂದಿದೆ. ಆದರೂ ಅಲುಗಲಿಲ್ಲ. ಕಾರಣ ಫ್ಲಾರಿಡಾದ ಕ್ಯೂಬನ್ ಅಮೆರಿಕನ್ನರು. ಅಯೋವಾದ ರೈತನಿಗೆ ಕ್ಯೂಬಾ ನೀತಿ ವೋಟಿನ ವಿಷಯವೇ ಅಲ್ಲ, ಮಯಾಮಿಯ ಅಜ್ಜನಿಗೆ ಅದೊಂದೇ ವಿಷಯ. ನಮ್ಮವರೂ ಇದೇ ಮಾಡಿದ್ದಾರೆ. ಭಾರತ-ಅಮೆರಿಕ ಅಣು ಒಪ್ಪಂದ 2008ರಲ್ಲಿ ಹೌಸ್‌ನಲ್ಲಿ 298-117, ಸೆನೆಟ್‌ನಲ್ಲಿ 86-13ರಲ್ಲಿ ಪಾಸಾಯಿತು. ಅದರ ಹಿಂದೆ ಭಾರತೀಯ ಮೂಲದ ಡಾಕ್ಟರುಗಳು, ಮೋಟೆಲ್ ಮಾಲೀಕರು ಎರಡು ಮೂರು ವರ್ಷ ಬಾಗಿಲು ಬಾಗಿಲು ತಟ್ಟಿದ್ದರು. ಸೆನೆಟ್ ವೋಟು ಆದದ್ದು ಅಕ್ಟೋಬರ್ 1ಕ್ಕೆ, ನಿಮ್ಮ ಮಗ ಹುಟ್ಟಿದ ತಿಂಗಳು. ನಾವು ಮಾಡಿದರೆ ಸಮುದಾಯದ ದನಿ, ಬೇರೆಯವರು ಮಾಡಿದರೆ ಪಿತೂರಿ ಅನ್ನೋದು ಸರಿಯಲ್ಲ, ಅಲ್ವಾ?

ಆಯುಧದ ಕಂಪನಿಗಳ ವಿಷಯದಲ್ಲಿ ನಿಮ್ಮ ಗುಂಪಿನವರು ಅರ್ಧ ಸರಿ. ಸ್ವತಃ ಐದು ನಕ್ಷತ್ರದ ಜನರಲ್ ಆಗಿದ್ದ ಐಸೆನ್‌ಹೋವರ್ 1961ರ ಜನವರಿಯಲ್ಲಿ ಅಧಿಕಾರ ಬಿಡುವಾಗ ಸೈನ್ಯ ಮತ್ತು ಆಯುಧ ಉದ್ಯಮದ ನಂಟಿನ ಬಗ್ಗೆ ದೇಶವನ್ನು ಎಚ್ಚರಿಸಿದ್ದರು. ಆದರೆ ಲಂಚ, ಕತ್ತಲೆ ಕೋಣೆ ಅಂತೆಲ್ಲ ಊಹಿಸಬೇಡಿ. ಹಗಲಲ್ಲೇ ನಡೆಯುತ್ತೆ. ಎಫ್-35 ವಿಮಾನದ ಬಿಡಿಭಾಗ 40ಕ್ಕೂ ಜಾಸ್ತಿ ರಾಜ್ಯಗಳಲ್ಲಿ ತಯಾರಾಗುತ್ತೆ. ಆ ವಿಮಾನಕ್ಕೆ ಬೇಡ ಅಂದರೆ ತನ್ನದೇ ಊರಿನ ಕಾರ್ಖಾನೆಗೆ ಬೇಡ ಅಂದ ಹಾಗೆ. ಇಸ್ರೇಲ್‌ಗೆ 2019ರಿಂದ 2028ರವರೆಗೆ ಕೊಡಲು ಒಪ್ಪಿದ 3,800 ಕೋಟಿ ಡಾಲರ್ ಸೈನಿಕ ನೆರವಿನಲ್ಲೂ ಹೆಚ್ಚಿನ ಪಾಲು ಇಲ್ಲಿಯ ಕಾರ್ಖಾನೆಗಳಿಗೇ ವಾಪಸ್ ಬರುತ್ತೆ. ಹಾಗಾಗಿ ಜನರ ಕೆಲಸದ ಹೆಸರಲ್ಲೇ ಜನರ ಕೈ ಕಟ್ಟಿ ಹಾಕಿರುತ್ತಾರೆ.

ಈಗ ಅಧ್ಯಕ್ಷರ ಅಧಿಕಾರಕ್ಕೆ ಬರೋಣ. ನನ್ನನ್ನು ಕೇಳಿದರೆ ನಿಜವಾದ ಕಾಯಿಲೆ ಇಲ್ಲಿದೆ.

ಸಂವಿಧಾನದ ಪ್ರಕಾರ ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್‌ನದು (ಊರಿನಿಂದ ಓದುವವರಿಗೆ: ಇದು ಪಕ್ಷ ಅಲ್ಲ, ಇಲ್ಲಿಯ ಸಂಸತ್ತು). ಕೊನೆಯ ಸಲ ಅದು ವಿಧಿವತ್ತಾಗಿ ಯುದ್ಧ ಸಾರಿದ್ದು 1942ರ ಜೂನ್‌ನಲ್ಲಿ. ಬಲ್ಗೇರಿಯ, ಹಂಗರಿ, ರೊಮೇನಿಯ ಮೇಲೆ. ಆಮೇಲೆ ಕೊರಿಯ, ವಿಯೆಟ್ನಾಂ, ಇರಾಕ್, ಅಫ್ಘಾನಿಸ್ತಾನ ಎಲ್ಲ ಆದವು. ಯುದ್ಧ ಸಾರಿಕೆ ಮಾತ್ರ ಒಂದೂ ಇಲ್ಲ. 1964ರಲ್ಲಿ ವಿಯೆಟ್ನಾಂ ಕಡೆ ಬಲ ಬಳಸಲು ಅಧ್ಯಕ್ಷರಿಗೆ ಅನುಮತಿ ಕೊಟ್ಟ ಟಾಂಕಿನ್ ಕೊಲ್ಲಿ ನಿರ್ಣಯ ಹೌಸ್‌ನಲ್ಲಿ 416-0, ಸೆನೆಟ್‌ನಲ್ಲಿ 88-2. ಅದರ ಮೇಲೆಯೇ ವಿಯೆಟ್ನಾಂ ಯುದ್ಧ ಬೆಳೆಯಿತು. 2001ರ ಸೆಪ್ಟೆಂಬರ್ ದಾಳಿಯಾದ ಮೂರೇ ದಿನಕ್ಕೆ ಬಲ ಬಳಸಲು ಕೊಟ್ಟ ಅನುಮತಿಯ ಮುಖ್ಯ ವಾಕ್ಯ 60 ಪದದ್ದು. ಎರಡೂ ಮನೆ ಸೇರಿ ಬೇಡ ಅಂದವರು ಒಬ್ಬರೇ, ಕ್ಯಾಲಿಫೋರ್ನಿಯದ ಬಾರ್ಬರಾ ಲೀ. ಆ 60 ಪದ ಹಿಡಿದುಕೊಂಡು ನಾಲ್ಕು ಅಧ್ಯಕ್ಷರು ಎಷ್ಟೋ ದೇಶಗಳಲ್ಲಿ ದಾಳಿ ನಡೆಸಿದರು.

ನಡುವೆ ಒಮ್ಮೆ ಕಾಂಗ್ರೆಸ್ ಎಚ್ಚೆತ್ತಿತ್ತು. 1973ರ ನವೆಂಬರ್‌ನಲ್ಲಿ ನಿಕ್ಸನ್ ಅವರ ವೀಟೊವನ್ನೂ ಮೀರಿ ಯುದ್ಧಾಧಿಕಾರ ಕಾನೂನು ತಂದಿತು. ಸೈನ್ಯ ಕಳಿಸಿದರೆ 48 ಗಂಟೆಯಲ್ಲಿ ತಿಳಿಸಬೇಕು. 60 ದಿನದಲ್ಲಿ ಒಪ್ಪಿಗೆ ಸಿಗದಿದ್ದರೆ ವಾಪಸ್ ಕರೆಸಬೇಕು, ಅದಕ್ಕೆ 30 ದಿನದವರೆಗೆ ಸಮಯ. ಎರಡೂ ಮನೆ ಬರೀ ಬಹುಮತದಿಂದ ಸಾಕು ಅಂದರೂ ಅಧ್ಯಕ್ಷ ನಿಲ್ಲಿಸಬೇಕು, ಅವನ ಸಹಿ ಬೇಡ. ಈ ಕೊನೆಯದೇ ಅದರ ಹಲ್ಲು.

ಆ ಹಲ್ಲು ಕಿತ್ತದ್ದು ಹೇಗೆ ಗೊತ್ತಾ? ಒಂದು ವೀಸಾ ಕೇಸಿನಿಂದ. ಕೀನ್ಯಾದಲ್ಲಿ ಹುಟ್ಟಿದ, ಭಾರತೀಯ ಮೂಲದ ಜಗದೀಶ್ ರಾಯ್ ಚಡ್ಡಾ 1966ರಲ್ಲಿ ಓಹಾಯೊಗೆ ಓದಲು ಬಂದರು. 1972ರಲ್ಲಿ ವೀಸಾ ಮುಗಿಯಿತು. ವಾಪಸ್ ಹೋಗಲು ಯಾವ ದೇಶವೂ ಸರಿಯಾಗಿ ಕರೆದುಕೊಳ್ಳದ ಸ್ಥಿತಿ. ವಲಸೆ ನ್ಯಾಯಾಧೀಶರು ಇರಲಿ ಬಿಡಿ ಅಂದರು. ಆದರೆ ಹೌಸ್ ಒಂದು ಪಟ್ಟಿ ಹಿಡಿದು, ಇವರನ್ನೂ ಇನ್ನೈದು ಜನರನ್ನೂ ಕಳಿಸಿ ಅಂತ 1975ರಲ್ಲಿ ತಾನೊಂದೇ ನಿರ್ಣಯ ಮಾಡಿಬಿಟ್ಟಿತು. ಚಡ್ಡಾ ಕೋರ್ಟಿಗೆ ಹೋದರು. 1983ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಅಧ್ಯಕ್ಷನ ಮುಂದೆ ಹೋಗದ ಇಂಥ ನಿರ್ಣಯಕ್ಕೆ ಕಾನೂನಿನ ಬಲ ಇಲ್ಲ ಅಂತ ಹೇಳಿತು. ಒಬ್ಬ ವಲಸಿಗನಿಗೆ ನ್ಯಾಯ ಸಿಕ್ಕಿತು, ಒಳ್ಳೆಯದೇ. ಆದರೆ ಅದೇ ಏಟಿಗೆ ಯುದ್ಧ ನಿಲ್ಲಿಸುವ ನಿರ್ಣಯವೂ, ಆಯುಧ ಮಾರಾಟ ತಡೆಯುವ ನಿರ್ಣಯವೂ ಅಧ್ಯಕ್ಷನ ಮೇಜಿಗೆ ಹೋಗಲೇಬೇಕಾಯಿತು. ಅವನು ವೀಟೊ ಹಾಕುತ್ತಾನೆ. ಅದನ್ನು ಮೀರಲು ಮೂರನೇ ಎರಡು ಬೇಕು.

ಇದು ಪುಸ್ತಕದ ಮಾತಲ್ಲ. ಯೆಮನ್‌ನಲ್ಲಿ ಸೌದಿ ಯುದ್ಧಕ್ಕೆ ಅಮೆರಿಕ ಕೈಜೋಡಿಸುವುದು ಬೇಡ ಅಂತ 2019ರಲ್ಲಿ ಸೆನೆಟ್ 54-46ರಲ್ಲಿ, ಹೌಸ್ 247-175ರಲ್ಲಿ ಹೇಳಿದವು. ಟ್ರಂಪ್ ವೀಟೊ ಹಾಕಿದರು. ಮೀರಲು ಸೆನೆಟ್‌ನಲ್ಲಿ 67 ಬೇಕಿತ್ತು, ಬಂದದ್ದು 53. 2020ರಲ್ಲಿ ಇರಾನ್ ವಿಷಯದಲ್ಲೂ ಇದೇ ಕಥೆ. 1973ರ ಲೆಕ್ಕದಲ್ಲಾಗಿದ್ದರೆ ಎರಡೂ ಸಲ ಕಾಂಗ್ರೆಸ್ ಗೆದ್ದಿರುತ್ತಿತ್ತು.

ಇಷ್ಟಾದರೂ ಪೂರ್ತಿ ತಪ್ಪು ಕೋರ್ಟಿನ ಮೇಲೆ ಹಾಕಬೇಡಿ. ಖಜಾನೆಯ ಕೀಲಿ ಈಗಲೂ ಕಾಂಗ್ರೆಸ್ ಕೈಯಲ್ಲೇ ಇದೆ. ಬಳಸಲು ಮನಸ್ಸಿಲ್ಲ. ಯುದ್ಧಕ್ಕೆ ಹಾಕಿದ ವೋಟು ದಾಖಲೆಯಲ್ಲಿ ಉಳಿಯುತ್ತೆ. 2002ರಲ್ಲಿ ಇರಾಕ್ ಯುದ್ಧಕ್ಕೆ ಹೂಂ ಅಂದದ್ದು ಆರು ವರ್ಷದ ನಂತರ ಹಿಲರಿ ಕ್ಲಿಂಟನ್ ಅವರನ್ನು ಒಬಾಮ ಎದುರು ಕಾಡಿತು. ಅದನ್ನು ನೋಡಿದ ಸದಸ್ಯನಿಗೆ ಯುದ್ಧದ ವಿಷಯ ವೋಟಿಗೇ ಬರದಿದ್ದರೆ ನೆಮ್ಮದಿ. ಗೆದ್ದರೆ ಪಕ್ಕದಲ್ಲಿ ನಿಂತು ಫೋಟೊ, ಸೋತರೆ "ನನ್ನನ್ನು ಕೇಳಲೇ ಇಲ್ಲ". ಜನರಿಗೂ ಬಿಸಿ ತಟ್ಟುವುದು ಕಮ್ಮಿಯಾಗಿದೆ. 1973ರಲ್ಲಿ ಕಡ್ಡಾಯ ಸೈನ್ಯ ಭರ್ತಿ ನಿಂತಿತು. ಯುದ್ಧದ ಖರ್ಚು ತೆರಿಗೆಯಾಗಿ ಬರುವುದಿಲ್ಲ, ಸಾಲವಾಗಿ ಬೆಳೆಯುತ್ತೆ. ನಿಮ್ಮ ಮಗನ ಕ್ಲಾಸಿನಲ್ಲಿ ಎಷ್ಟು ಮಕ್ಕಳ ಮನೆಯಿಂದ ಯಾರಾದರೂ ಯುದ್ಧಕ್ಕೆ ಹೋಗಿದ್ದಾರೆ, ಕೇಳಿ ನೋಡಿ.

ಜನರ ವೋಟಿಲ್ಲದೆ ಹೊರದೇಶದ ಯುದ್ಧ ಕೂಡದು ಅಂತ ಸಂವಿಧಾನಕ್ಕೇ ತಿದ್ದುಪಡಿ ತರಲು ಇಂಡಿಯಾನಾದ ಲೂಯಿಸ್ ಲಡ್ಲೋ ಒಮ್ಮೆ ಹೊರಟಿದ್ದರು. 1938ರ ಜನವರಿಯಲ್ಲಿ ಅದು ಚರ್ಚೆಗೆ ಬರುವ ಹಂತದಲ್ಲೇ 188-209ರಲ್ಲಿ ಬಿತ್ತು. ಸ್ವಲ್ಪದರಲ್ಲಿ ತಪ್ಪಿತು. ಒಳ್ಳೆಯದಾಯಿತು ಅಂತಲೇ ನನ್ನ ಅನಿಸಿಕೆ. ಹಿಟ್ಲರ್ ಕಾಲದಲ್ಲಿ ಅದು ಕಾನೂನಾಗಿದ್ದರೆ ಏನಾಗುತ್ತಿತ್ತೋ. ನನ್ನ ವಿದ್ಯಾರ್ಥಿಗಳು ಇದಕ್ಕೆ ಪ್ರತಿ ವರ್ಷ ಜಗಳ ಆಡುತ್ತಿದ್ದರು.

ಸರಿ, ಹಾಗಾದರೆ ಜನರ ಕೈಯಲ್ಲಿ ಏನೂ ಇಲ್ಲವಾ? ಇಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ.

2013ರ ಆಗಸ್ಟ್ ಕೊನೆ. ಸಿರಿಯಾದ ಡಮಾಸ್ಕಸ್ ಪಕ್ಕದ ಘೌಟಾದಲ್ಲಿ ವಿಷಾನಿಲ ದಾಳಿಯಾಗಿತ್ತು. ಒಬಾಮ ಬಾಂಬ್ ಹಾಕಲು ತಯಾರಾಗಿದ್ದರು. ಆಗಸ್ಟ್ 31ರಂದು ಇದ್ದಕ್ಕಿದ್ದಂತೆ, ಕಾಂಗ್ರೆಸ್ ಒಪ್ಪಿಗೆ ಕೇಳುತ್ತೇನೆ ಅಂದರು. ಮಂಗಳವಾರ ಬೆಳಿಗ್ಗೆ ನಾವು ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ವಾಯ್ಸ್‌ಮೇಲ್ ಪೆಟ್ಟಿಗೆ ತುಂಬಿಹೋಗಿತ್ತು. ನಮ್ಮ ಕೋಣೆ ಸಣ್ಣದು, ಮೂರು ಫೋನು. ಪ್ರತಿ ಕರೆಗೂ ನಾಲ್ಕೇ ವಿಷಯ ಬರೆದುಕೊಳ್ಳುತ್ತಿದ್ದೆವು. ಹೆಸರು, ಜಿಪ್ ಕೋಡ್, ಯಾವ ವಿಷಯ, ಪರವೋ ವಿರೋಧವೋ. ಕಂಪ್ಯೂಟರಿಗೆ ಹಾಕಲು ಪುರುಸೊತ್ತಿಲ್ಲದೆ ಹಳದಿ ಹಾಳೆಯ ಮೇಲೆ ಐದೈದು ಗೆರೆ ಎಳೆದೆವು. ಪರ ಅನ್ನುವ ಕಡೆ ಅಲ್ಲೊಂದು ಇಲ್ಲೊಂದು ಗೆರೆ. ವಿರೋಧದ ಕಡೆ ಹಾಳೆ ತುಂಬಿ ಹಿಂದಿನ ಪುಟಕ್ಕೆ ಹೋಗಿತ್ತು. ಒಬ್ಬ ತಾಯಿ ಫೋನ್ ಮಾಡಿದರು. "ನನ್ನ ಮಗ ಎರಡು ಸಲ ಇರಾಕಿಗೆ ಹೋಗಿ ಬಂದ. ಮೂರನೇದು ಬೇಡ. ಇಷ್ಟು ಹೇಳಿಬಿಡಪ್ಪ" ಅಂತ ಇಟ್ಟರು. ಸಂಜೆ ನಮ್ಮ ಸದಸ್ಯರು ಬಂದು ಹಾಳೆ ಎತ್ತಿಕೊಂಡರು, ಎರಡೂ ಬದಿ ನೋಡಿದರು, ಏನೂ ಮಾತಾಡದೆ ಒಳಗೆ ಹೋದರು. ಅಧ್ಯಕ್ಷರು ಅವರ ಪಕ್ಷದವರೇ. ಬೆಂಬಲಿಸುತ್ತೇನೆ ಅಂತ ಹಿಂದಿನ ವಾರ ತಯಾರಿಸಿದ್ದ ಹೇಳಿಕೆ ಹೊರಗೆ ಬರಲೇ ಇಲ್ಲ. ಬೇರೆ ಕಚೇರಿಗಳಲ್ಲೂ ಅದೇ. ರಷ್ಯಾ ಜೊತೆ ರಾಸಾಯನಿಕ ಅಸ್ತ್ರ ಒಪ್ಪಿಸುವ ಮಾತುಕತೆ ಶುರುವಾಯಿತು. ವೋಟು ನಡೆಯಲೇ ಇಲ್ಲ, ಆ ದಾಳಿಯೂ ಆಗಲಿಲ್ಲ. ಅದು ಸರಿಯಾಯಿತಾ ತಪ್ಪಾಯಿತಾ ಅಂತ ಇವತ್ತಿಗೂ ವಾದ ಇದೆ. ಸಿರಿಯನ್ನರು ಆಮೇಲೆ ಪಟ್ಟ ಪಾಡು ನೋಡಿದರೆ ನನಗೂ ಗೊಂದಲವೇ. ಆದರೆ ಫೋನು ಕೆಲಸ ಮಾಡಿತು ಅನ್ನುವುದರಲ್ಲಿ ಅನುಮಾನ ಇಲ್ಲ.

ಇನ್ನೊಂದು ನಮ್ಮ ಉಪಖಂಡಕ್ಕೇ ಸೇರಿದ್ದು. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಕಗ್ಗೊಲೆ ನಡೆಯುತ್ತಿದ್ದಾಗ ನಿಕ್ಸನ್ ಪಾಕಿಸ್ತಾನದ ಪರ ಇದ್ದರು. ಆಯುಧ ಕೊಡುತ್ತಿಲ್ಲ ಅಂತ ಸರ್ಕಾರ ಹೇಳುತ್ತಿತ್ತು. ಹಳೇ ಲೈಸೆನ್ಸ್ ಮೇಲೆ ಸಾಮಾನು ಹೋಗುತ್ತಲೇ ಇದೆ ಅಂತ ಜೂನ್‌ನಲ್ಲಿ ಪತ್ರಿಕೆಯಲ್ಲಿ ಬಂತು. ಜುಲೈನಲ್ಲಿ ಪದ್ಮಾ ಅನ್ನುವ ಪಾಕಿಸ್ತಾನಿ ಸರಕು ಹಡಗು ಬಾಲ್ಟಿಮೋರ್ ಬಂದರಿಗೆ ಬರುವಾಗ, ಫಿಲಡೆಲ್ಫಿಯಾದ ಯುದ್ಧ ವಿರೋಧಿಸುವ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ಪುಟ್ಟ ಪುಟ್ಟ ದೋಣಿ ಹುಟ್ಟು ಹಾಕಿಕೊಂಡು ಅದಕ್ಕೆ ಅಡ್ಡ ಹೋದರು. ಪೊಲೀಸರು ಹಿಡಿದು ಎಳೆದು ತಂದರು. ಹಡಗು ದಡ ಸೇರಿತು. ಆದರೆ ದೊಡ್ಡ ಹಡಗಿನ ಮುಂದೆ ಸಣ್ಣ ದೋಣಿ ಅನ್ನೋದು ಸುದ್ದಿಯಾಯಿತು. ಮುಂದೆ ಫಿಲಡೆಲ್ಫಿಯಾ ಬಂದರಿನ ಕೂಲಿಕಾರರು ಪಾಕಿಸ್ತಾನಿ ಹಡಗಿಗೆ ಸಾಮಾನು ತುಂಬೋದಿಲ್ಲ ಅಂತ ಕೂತರು. ದಿನಗೂಲಿ ಬಿಟ್ಟು ಕೂತದ್ದು ಅದು. ಕಾಂಗ್ರೆಸ್‌ನಲ್ಲಿ ನೆರವು ನಿಲ್ಲಿಸುವ ಒತ್ತಾಯ ಬೆಳೆಯಿತು. ನವೆಂಬರ್‌ನಲ್ಲಿ ಸರ್ಕಾರ ಉಳಿದ ಲೈಸೆನ್ಸ್ ರದ್ದು ಮಾಡಿತು.

ಡಿಸೆಂಬರ್‌ನಲ್ಲಿ ಭಾರತ-ಪಾಕಿಸ್ತಾನ ಯುದ್ಧ ಶುರುವಾದಾಗ ಏನಾಯಿತು ಅನ್ನೋದು ನಿಮ್ಮ ತಂದೆಯ ಕಾಲದವರಿಗೆ ಬಾಯಿಪಾಠ. ನಿಕ್ಸನ್ ಏಳನೇ ನೌಕಾಪಡೆಯ ಒಂದು ತುಕಡಿಯನ್ನು ಬಂಗಾಳ ಕೊಲ್ಲಿಗೆ ಕಳಿಸಿದರು. ಅದಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಜನರ ಹಿಡಿತ ಎಲ್ಲಿವರೆಗೆ ಅನ್ನೋದಕ್ಕೆ ಇಷ್ಟು ಸ್ಪಷ್ಟ ಗುರುತು ನನಗೆ ಬೇರೆ ಸಿಕ್ಕಿಲ್ಲ. ದುಡ್ಡು, ಲೈಸೆನ್ಸ್, ಕಾನೂನು ಬೇಕಾದ ಕಡೆ ಜನ ತಡೆಯಬಹುದು, ತಿಂಗಳುಗಟ್ಟಲೆ ಹಟ ಹಿಡಿದರೆ. ಒಂದೇ ರಾತ್ರಿಯ ಆದೇಶದಿಂದ ಆಗುವುದನ್ನು ತಡೆಯಲಾರರು. 2003ರ ಫೆಬ್ರುವರಿ 15ರಂದು ಜಗತ್ತಿನಾದ್ಯಂತ ಜನ ಬೀದಿಗಿಳಿದರು. ಇರಾಕ್ ಯುದ್ಧ ನಿಲ್ಲಲಿಲ್ಲ, ಯಾಕೆಂದರೆ ಕಾಂಗ್ರೆಸ್ ನಾಲ್ಕು ತಿಂಗಳ ಹಿಂದೆಯೇ ಅನುಮತಿ ಕೊಟ್ಟಾಗಿತ್ತು. ತಡವಾಗಿತ್ತು. ದಕ್ಷಿಣ ಆಫ್ರಿಕದ ವರ್ಣಭೇದದ ವಿಷಯದಲ್ಲಿ ತಡವಾಗಲಿಲ್ಲ. 1984ರ ಕೊನೆಯಿಂದ ಅವರ ರಾಯಭಾರ ಕಚೇರಿ ಮುಂದೆ ದಿನಾ ಧರಣಿ, ಕಾಲೇಜುಗಳಲ್ಲಿ ಚಳವಳಿ. 1986ರಲ್ಲಿ ರೇಗನ್ ಅವರ ವೀಟೊವನ್ನೇ ಮೀರಿ ದಿಗ್ಬಂಧನದ ಕಾನೂನು ಬಂತು.

ಈಗ ನಿಮ್ಮ ಮನೆಯ ವಿಷಯ.

ನೀವು ಸಿಟಿಜನ್. ನಿಮ್ಮ ಹೌಸ್ ಸದಸ್ಯರ, ಇಬ್ಬರು ಸೆನೆಟರ್‌ಗಳ ಕಚೇರಿಗೆ ಫೋನ್ ಮಾಡಿ. ಒಂದು ಹೌಸ್ ಕ್ಷೇತ್ರದಲ್ಲಿ ಸುಮಾರು 7.6 ಲಕ್ಷ ಜನ ಇರುತ್ತಾರೆ, ವಿದೇಶ ನೀತಿಗೆ ಅಂತ ಕರೆ ಮಾಡುವವರು ಮಾಮೂಲಿ ದಿನ ಬೆರಳೆಣಿಕೆ. ಜಿಪ್ ಕೋಡ್ ಹೇಳಿ. ಒಂದೇ ವಿಷಯ ಎತ್ತಿಕೊಳ್ಳಿ. ಮಸೂದೆಯ ನಂಬರ್ ಗೊತ್ತಿದ್ದರೆ ಹೇಳಿ. ನಿಮ್ಮದೇ ಮಾತಲ್ಲಿ ಹೇಳಿ. ಸಂಸ್ಥೆಗಳು ಕಳಿಸುವ ರೆಡಿಮೇಡ್ ಇಮೇಲ್‌ಗಳನ್ನು ನಾವು ಕಟ್ಟು ಕಟ್ಟಾಗಿ ಎಣಿಸುತ್ತಿದ್ದೆವು, ಓದುತ್ತಿರಲಿಲ್ಲ. ನಿಮ್ಮ ಇಂಗ್ಲಿಷಿನ ಧಾಟಿ ಬಗ್ಗೆ ಅಳುಕು ಬೇಡ. ಆ ಕಡೆ ಫೋನ್ ಎತ್ತುವುದು ಬಹುಪಾಲು ಇಪ್ಪತ್ತೆರಡರ ಹುಡುಗ ಹುಡುಗಿಯರು, ಅವರಿಗೆ ನಿಮಗಿಂತ ಜಾಸ್ತಿ ಅಳುಕು.

ದುಡ್ಡು ಕೊಡುವುದಿದ್ದರೆ ಕಾನೂನು ಗೊತ್ತಿರಲಿ. 2025-26ರ ಸುತ್ತಿನಲ್ಲಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 3,500 ಡಾಲರ್‌ವರೆಗೆ ಕೊಡಬಹುದು. ಒಟ್ಟು 200 ದಾಟಿದರೆ ನಿಮ್ಮ ಹೆಸರು, ಕೆಲಸ ಮಾಡುವ ಕಂಪನಿ ಸಾರ್ವಜನಿಕ ಪಟ್ಟಿಯಲ್ಲಿ ಬರುತ್ತೆ. ನಿಮ್ಮ ಬಾಸ್ ನೋಡಬಹುದು. ಮಾತಾಡುವ ಹಕ್ಕು ನಿಮ್ಮನ್ನು ಸರ್ಕಾರದಿಂದ ಕಾಪಾಡುತ್ತೆ, ಖಾಸಗಿ ಕಂಪನಿಯಿಂದ ಅಲ್ಲ. ಇದು ಎಷ್ಟೋ ಜನಕ್ಕೆ ಕೆಲಸ ಹೋದ ಮೇಲೆ ಗೊತ್ತಾಗುತ್ತೆ. ಇನ್ನೊಂದು, ಯಾವುದೇ ದೇಶದ ರಾಯಭಾರ ಕಚೇರಿಯವರು, ಭಾರತದ್ದಾದರೂ ಸರಿ, "ಈ ಮಸೂದೆಗೆ ನಿಮ್ಮ ಸಂಘದಿಂದ ಪತ್ರ ಬರೆಸಿ" ಅಂದರೆ ಹೂಂ ಅನ್ನುವ ಮುಂಚೆ ವಕೀಲರನ್ನು ಕೇಳಿ. ನಿಮ್ಮ ಮನಸ್ಸಿಗೆ ಬಂದು ಬರೆದರೆ ಅದು ಪ್ರಜೆಯ ಹಕ್ಕು. ಅವರ ಕೋರಿಕೆ ಮೇಲೆ ಬರೆದರೆ 1938ರ ಕಾನೂನು ತಗುಲಬಹುದು.

ತಮ್ಮನ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿ ಹೇಳುತ್ತೇನೆ. ಎಚ್-1ಬಿ ಇರುವವರು ಒಂದು ಡಾಲರ್ ಕೂಡ ಚುನಾವಣೆಗೆ ಕೊಡುವಂತಿಲ್ಲ. ಅಕ್ಕನ ಕೈಗೆ ಕೊಟ್ಟು ಅಕ್ಕನ ಹೆಸರಲ್ಲಿ ಹಾಕಿಸಿದರೆ ಇಬ್ಬರಿಗೂ ಕೇಸು. ಗ್ರೀನ್ ಕಾರ್ಡ್ ಬಂದ ಮೇಲೆ ದುಡ್ಡು ಕೊಡಬಹುದು, ವೋಟು ಆಗಲೂ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರಿಸುವ ಪ್ರಶ್ನೆ ಬರುತ್ತೆ, ಅಲ್ಲಿ ಗೊತ್ತಿಲ್ಲದೆ ಹೌದು ಅಂದುಬಿಟ್ಟು ಮುಂದೆ ಸಿಟಿಜನ್ ಆಗುವಾಗ ಒದ್ದಾಡಿದವರನ್ನು ನಾನು ನೋಡಿದ್ದೇನೆ. ಪ್ರತಿಭಟನೆಗೆ ಹೋಗುವುದು ಅವನ ಹಕ್ಕು ಅಂತ ಪಾಠದಲ್ಲಿ ಹೇಳುತ್ತಿದ್ದೆ. ಆದರೆ 2025ರಲ್ಲಿ ಪ್ರತಿಭಟನೆ, ಲೇಖನದ ಕಾರಣಕ್ಕೆ ವೀಸಾ ಕಳೆದುಕೊಂಡು ಬಂಧನಕ್ಕೊಳಗಾದ ವಿದ್ಯಾರ್ಥಿಗಳ ಕೇಸು ನೋಡಿದ ಮೇಲೆ, ವಲಸೆ ವಕೀಲರ ಹತ್ತಿರ ಒಂದು ಮಾತು ಕೇಳದೆ ಹೋಗು ಅಂತ ಹೇಳುವ ಧೈರ್ಯ ನನಗಿಲ್ಲ. ವೀಸಾ ಅರ್ಜಿಯಲ್ಲಿ ಸೋಷಿಯಲ್ ಮೀಡಿಯಾ ಖಾತೆಗಳನ್ನೂ ಕೇಳುತ್ತಾರೆ ಅನ್ನೋದು ಅವನಿಗೆ ನೆನಪಿರಲಿ. ಹಾಗಂತ ಬಾಯಿ ಮುಚ್ಚಿಕೊಂಡಿರಬೇಕಿಲ್ಲ. ಅವನೂ ಆ ಕ್ಷೇತ್ರದ ನಿವಾಸಿ, ಕಚೇರಿಗೆ ಪತ್ರ ಬರೆಯಬಹುದು. ವೀಸಾ ಕಡತ ಎಲ್ಲೋ ಸಿಕ್ಕಿಹಾಕಿಕೊಂಡರೆ ಅದೇ ಕಚೇರಿ ವಿಚಾರಿಸಿಯೂ ಕೊಡುತ್ತೆ.

ಕೊನೆಗೆ ವೋಟು. ನವೆಂಬರ್ ಚುನಾವಣೆಗಿಂತ ಜೂನ್‌ನ ಪ್ರೈಮರಿ ಮೇಲೆ ಕಣ್ಣಿಡಿ. ನ್ಯೂಜೆರ್ಸಿಯ ಹೆಚ್ಚಿನ ಕ್ಷೇತ್ರಗಳಲ್ಲಿ ಯಾವ ಪಕ್ಷ ಗೆಲ್ಲುತ್ತೆ ಅನ್ನೋದು ಮೊದಲೇ ಗೊತ್ತಿರುತ್ತೆ. ಹಾಗಾಗಿ ನಿಜವಾದ ಆಯ್ಕೆ ಜೂನ್‌ನಲ್ಲೇ ಮುಗಿದಿರುತ್ತೆ, ಬಂದು ವೋಟು ಹಾಕುವವರು ತುಂಬಾ ಕಮ್ಮಿ. ಬೋಮನ್ ಮತ್ತು ಬುಷ್ ಸೋತದ್ದೂ ಪ್ರೈಮರಿಯಲ್ಲೇ ಅನ್ನೋದು ಗಮನಿಸಿ, ಲಾಬಿಗಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಇಲ್ಲಿ ಮೊದಲು ಪಕ್ಷದ ನಾಯಕರು ಮೆಚ್ಚಿದವರ ಹೆಸರನ್ನೆಲ್ಲ ಮತಪತ್ರದಲ್ಲಿ ಒಂದೇ ಸಾಲಿಗೆ ಹಾಕುತ್ತಿದ್ದರು. ಉಳಿದವರು ಯಾವುದೋ ಮೂಲೆಯಲ್ಲಿ. ಆಗ ಹೌಸ್ ಸದಸ್ಯರಾಗಿದ್ದ ಆಂಡಿ ಕಿಮ್ ಕೋರ್ಟಿಗೆ ಹೋಗಿ 2024ರ ಮಾರ್ಚ್‌ನಲ್ಲಿ ಡೆಮಾಕ್ರಟಿಕ್ ಪ್ರೈಮರಿಗೆ ಅದನ್ನು ನಿಲ್ಲಿಸಿದರು, ಈಗ ಸೆನೆಟರ್ ಆಗಿದ್ದಾರೆ. ನೀವು ಯಾವ ಪಕ್ಷಕ್ಕೂ ಹೆಸರು ಬರೆಸಿಲ್ಲದಿದ್ದರೆ ಅವತ್ತು ಮತಗಟ್ಟೆಯಲ್ಲೇ ಯಾವ ಪಕ್ಷದ ಪ್ರೈಮರಿ ಬೇಕು ಅಂತ ಹೇಳಿದರೆ ಸಾಕು.

ಅಂದ ಹಾಗೆ, ಮಗನಿಗೆ ಅಕ್ಟೋಬರ್‌ಗೆ ಹದಿನೆಂಟು ಅಂತ ಬರೆದಿದ್ದೀರಿ. ನವೆಂಬರ್ ಚುನಾವಣೆ ಹೊತ್ತಿಗೆ ಹದಿನೆಂಟು ತುಂಬುವವರು ಹದಿನೇಳರಲ್ಲೇ ಜೂನ್ ಪ್ರೈಮರಿಗೆ ವೋಟು ಹಾಕಬಹುದು ಅಂತ ನ್ಯೂಜೆರ್ಸಿ 2024ರ ಜನವರಿಯಲ್ಲಿ ಕಾನೂನು ಮಾಡಿತು, 2026ರಿಂದ ಜಾರಿ. ಹೆಸರು ಬರೆಸಲು ಕೊನೆಯ ದಿನ ಯಾವುದು ಅಂತ ಕೌಂಟಿ ಕಚೇರಿಯಲ್ಲಿ ಕೇಳಿ. ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಫಾರಂ ಅವನೇ ತುಂಬಲಿ.